ಶೇಕಡಾ 9 ಎಂದು ಹೇಳಿ ಕೊಟ್ಟ ವ್ಯಾನ್ ಸಾಲದ ಬಗ್ಗೆ ದೂರು

ಇವರಿಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು,
ವಾಣಿಜ್ಯ ವಾಹನ ಸಾಲ ವಿಭಾಗ

ವಿಷಯ: ಬಡ್ಡಿ ದರವನ್ನು ಮರೆಮಾಚಿ ಸಾಲ ಕೊಟ್ಟಿರುವುದು ಹಾಗೂ ಕೇಳದೆಯೇ ವಿಮೆ ಕಂತು ಹಿಡಿದಿರುವುದು

ಮಾನ್ಯರೇ,

ನಾನು ಕೋಲಾರದವನು. ಬೋರ್‌ವೆಲ್ ಮೋಟಾರ್ ಎತ್ತುವುದು, ರಿವೈಂಡಿಂಗ್ ಮಾಡುವುದು, ಮತ್ತೆ ಇಳಿಸುವುದು ನನ್ನ ಕಸುಬು. ನಮ್ಮ ಕಡೆ ಸಾವಿರ ಅಡಿ ದಾಟಿದ ಬೋರ್‌ಗಳೇ ಹೆಚ್ಚು. ಒಂದು ಮೋಟಾರ್ ಎತ್ತಬೇಕೆಂದರೆ ತ್ರಿಪಾದಿ, ಚೈನ್ ಬ್ಲಾಕ್, ಕೇಬಲ್ ಸುರುಳಿ, ಪೈಪಿನ ಕ್ಲ್ಯಾಂಪು ಎಲ್ಲವನ್ನೂ ಹೊತ್ತು ಶ್ರೀನಿವಾಸಪುರದ ಮಾವಿನ ತೋಟಕ್ಕೋ ಮುಳಬಾಗಿಲಿನ ಟೊಮ್ಯಾಟೊ ಹೊಲಕ್ಕೋ ಹೋಗಬೇಕು. ಬಾಡಿಗೆ ಟೆಂಪೊ ನಂಬಿಕೊಂಡರೆ ಬೇಸಿಗೆಯಲ್ಲಿ ಕೆಲಸ ಕೈತಪ್ಪುತ್ತದೆ. ಅದಕ್ಕೇ ಸ್ವಂತದ್ದೊಂದು ಪಿಕಪ್ ವ್ಯಾನ್ ಬೇಕಾಯಿತು. ಚೀಟಿ ಎತ್ತಿದ 2 ಲಕ್ಷ ಕೈಯಲ್ಲಿತ್ತು, ಉಳಿದ 6 ಲಕ್ಷಕ್ಕೆ ಸಾಲ ಮಾಡಬೇಕಿತ್ತು.

ನನ್ನ ಮುಂದೆ ಎರಡು ದಾರಿ ಇದ್ದವು. ನನ್ನ ಖಾತೆ ಇರುವ ಬ್ಯಾಂಕಿನ ಮ್ಯಾನೇಜರು ಮುದ್ರಾ ಯೋಜನೆಯ ತರುಣ್ ವರ್ಗದಲ್ಲಿ, ಅಂದರೆ 5ರಿಂದ 10 ಲಕ್ಷದವರೆಗಿನ ಸಾಲದಲ್ಲಿ, ಅಡಮಾನವಿಲ್ಲದೆ ಕೊಡಬಹುದು ಎಂದಿದ್ದರು. ಉದ್ಯಮ್ ನೋಂದಣಿ, ಎರಡು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳಿದರು. ಬಡ್ಡಿ ಶೇಕಡಾ 11. ಸ್ವಲ್ಪ ತಡವಾಗುತ್ತದೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಶೋರೂಮಿನಲ್ಲಿ ಕುಳಿತಿದ್ದ ನಿಮ್ಮ ಪ್ರತಿನಿಧಿ ಹೇಳಿದ್ದು ಶೇಕಡಾ 9. ಬ್ಯಾಂಕಿನವರು 11 ಅನ್ನುತ್ತಾರೆ, ನಿಮ್ಮದು ಹೇಗೆ 9 ಎಂದು ನಾನು ನೇರವಾಗಿಯೇ ಕೇಳಿದೆ. "ಬ್ಯಾಂಕಿಗಿಂತ ನಮ್ಮದೇ ಕಮ್ಮಿ ಅಣ್ಣಾ, ನಾಳೆನೇ ಸ್ಯಾಂಕ್ಷನ್" ಎಂದು ಕೊಟೇಶನ್ ಹಾಳೆಯ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದುಕೊಟ್ಟರು: 9%, 48 ತಿಂಗಳು, 17,000. ಆ ಹಾಳೆಯ ಪ್ರತಿಯನ್ನು ಲಗತ್ತಿಸಿದ್ದೇನೆ. 'ಫ್ಲ್ಯಾಟ್', ಅಂದರೆ ಕೊನೆಯವರೆಗೂ ಪೂರ್ತಿ ಸಾಲದ ಮೇಲೆಯೇ ಬಡ್ಡಿ, ಎಂಬ ಮಾತು ಅದರಲ್ಲಿಲ್ಲ, ಅವರ ಬಾಯಲ್ಲೂ ಬರಲಿಲ್ಲ.

ಈಗ ಲೆಕ್ಕ ನೋಡಿ. 6 ಲಕ್ಷಕ್ಕೆ ವರ್ಷಕ್ಕೆ 54,000ದಂತೆ ನಾಲ್ಕು ವರ್ಷಕ್ಕೆ 2,16,000 ಬಡ್ಡಿಯನ್ನು ಮೊದಲೇ ಕೂಡಿಸಿ, ಒಟ್ಟು 8,16,000ವನ್ನು ತಿಂಗಳಿಗೆ 17,000ದಂತೆ 48 ಕಂತು ಮಾಡಿದ್ದೀರಿ. ನಾನು ಪ್ರತಿ ತಿಂಗಳು ಅಸಲು ತೀರಿಸುತ್ತಾ ಹೋದರೂ ಬಡ್ಡಿ ಮಾತ್ರ ಇಡೀ 6 ಲಕ್ಷದ ಮೇಲೆಯೇ. ನಿಮ್ಮ ಈ ಲೆಕ್ಕದಲ್ಲಿ ಕೊನೆಯ ತಿಂಗಳು ನನ್ನ ಅಸಲು ಬಾಕಿ 12,500 ಇರುತ್ತದೆ, ಆ ಒಂದು ತಿಂಗಳಿಗೆ ಬಡ್ಡಿ 4,500! ಇದನ್ನು ನ್ಯಾಯ ಎಂದು ಯಾರು ಒಪ್ಪುತ್ತಾರೆ? ಬ್ಯಾಂಕಿನವರು ಹೇಳುವಂತೆ ಉಳಿದ ಬಾಕಿಯ ಮೇಲೆ ಬಡ್ಡಿ ಹಾಕಿದರೆ ನಿಮ್ಮ ಶೇಕಡಾ 9 ಹತ್ತಿರಹತ್ತಿರ 16 ಆಗುತ್ತದೆ. ಬ್ಯಾಂಕಿನ 11ಕ್ಕೆ ಕಂತು ಸುಮಾರು 15,507 ಬರುತ್ತಿತ್ತು. ತಿಂಗಳಿಗೆ 1,493, ನಾಲ್ಕು ವರ್ಷಕ್ಕೆ 71 ಸಾವಿರಕ್ಕೂ ಮೇಲೆ ನಾನು ಹೆಚ್ಚಿಗೆ ಕಟ್ಟಬೇಕು. ಒಂದು ಹೊಸ ಸಬ್‌ಮರ್ಸಿಬಲ್ ಪಂಪ್ ಸೆಟ್ ಬರುವ ದುಡ್ಡು ಅದು.

ಇಷ್ಟೇ ಅಲ್ಲ. ಸಂಸ್ಕರಣಾ ಶುಲ್ಕ 12,000, ಸಾಲ ಸುರಕ್ಷಾ ವಿಮೆ 18,500 ಹಿಡಿದುಕೊಂಡು 5,69,500 ಮಾತ್ರ ಬಿಡುಗಡೆ ಮಾಡಿದ್ದೀರಿ. ವ್ಯಾನಿನ ವಿಮೆಯನ್ನು ನಾನು ಬೇರೆಯಾಗಿಯೇ ಮಾಡಿಸಿದ್ದೇನೆ. ಈ ಇನ್ನೊಂದು ವಿಮೆ ಬೇಕೆಂದು ನಾನು ಕೇಳಿಲ್ಲ, ಕಡ್ಡಾಯವಲ್ಲ ಎಂದು ಯಾರೂ ಹೇಳಲೂ ಇಲ್ಲ.

ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 15ರ ಸುತ್ತೋಲೆಯಲ್ಲಿ, ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಮತ್ತು ಸಣ್ಣ ಉದ್ಯಮದ ಅವಧಿ ಸಾಲಗಳಿಗೆ ಕೆಎಫ್‌ಎಸ್ ಎಂಬ ಮುಖ್ಯಾಂಶ ಪತ್ರ ಕೊಡಲೇಬೇಕು ಎಂದಿದೆ. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ವಿವರಿಸಿ ಹೇಳಿರಬೇಕು, ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ನನ್ನ ಸಾಲ ಆ ದಿನಾಂಕದ ನಂತರದ್ದು. ನನಗೆ ಕೆಎಫ್‌ಎಸ್ ಬಂದಿದ್ದು ವ್ಯಾನು ಮನೆ ಮುಂದೆ ನಿಂತ ಮೇಲೆ, ವಾಟ್ಸ್‌ಆ್ಯಪ್‌ನಲ್ಲಿ, ಪೂರ್ತಿ ಇಂಗ್ಲಿಷಿನಲ್ಲಿ. ಅದರಲ್ಲಿ ಹಿಡಿದುಕೊಂಡ ಶುಲ್ಕ, ವಿಮೆಯೂ ಸೇರಿದ ವಾರ್ಷಿಕ ಒಟ್ಟು ದರ ಶೇಕಡಾ 18.9 ಎಂದಿದೆ. ಅಂದರೆ ನಿಜವಾದ ದರ ನಿಮಗೆ ಗೊತ್ತಿತ್ತು. ನಾನು ಎರಡು ಸಾಲಗಳನ್ನು ತೂಗಿ ನೋಡುತ್ತಿದ್ದಾಗ ಅದೊಂದನ್ನೇ ನನ್ನಿಂದ ಮುಚ್ಚಿಟ್ಟಿರಿ. ನನ್ನ ಮುಖ್ಯ ದೂರು ಇದೇ. ಸಂಬಳದ ಸ್ಲಿಪ್ ಇಲ್ಲದ ನಮ್ಮಂಥವರಿಗೆ ಸಾಲ ಸಿಗುವುದೇ ಕಷ್ಟ, ಆರಿಸಿಕೊಳ್ಳುವ ಅವಕಾಶ ಸಿಕ್ಕಾಗ ಸರಿಯಾದ ಅಂಕಿಯನ್ನಾದರೂ ಮುಂದಿಡಬೇಕಿತ್ತು.

ಸಾಲವನ್ನು ಬ್ಯಾಂಕಿಗೆ ವರ್ಗಾಯಿಸಿಕೊಳ್ಳುತ್ತೇನೆ ಎಂದರೆ ನಿಮ್ಮ ಶಾಖೆಯವರು ಅವಧಿಗೆ ಮುನ್ನ ತೀರಿಸಲು ಶೇಕಡಾ 5 ಶುಲ್ಕ ಕೇಳುತ್ತಿದ್ದಾರೆ. ನನಗೆ ಬಂದ ಕೆಎಫ್‌ಎಸ್‌ನಲ್ಲಿ ಆ ಕಾಲಂ ಖಾಲಿ ಇದೆ. ಕೆಎಫ್‌ಎಸ್‌ನಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲಿ ಮಾಡುವಂತಿಲ್ಲ ಎಂದು ಅದೇ ಸುತ್ತೋಲೆ ಹೇಳುತ್ತದೆ. ನಾನು ಒಪ್ಪಿಗೆ ಕೊಟ್ಟಿಲ್ಲ.

ಇನ್ನೊಂದು ಮಾತು. ರೈತರು ನನಗೆ ದುಡ್ಡು ಕೊಡುವುದು ಎಪಿಎಂಸಿಯಲ್ಲಿ ಟೊಮ್ಯಾಟೊ ಲಾಟು ಮಾರಿ ಮಂಡಿಯಿಂದ ಹಣ ಬಂದ ಮೇಲೆ. ಅದಕ್ಕೇ ಕಂತಿನ ದಿನವನ್ನು 5ರ ಬದಲು 20ಕ್ಕೆ ಹಾಕಿ ಎಂದು ಅರ್ಜಿ ಕೊಟ್ಟಿದ್ದೆ. ಉತ್ತರವಿಲ್ಲ. ಕಂತು ಒಂದನ್ನೂ ನಾನು ತಪ್ಪಿಸಿಲ್ಲ.

ನಾನು ಕೇಳುವುದು ಇಷ್ಟು: ವಿಮೆಯ 18,500 ವಾಪಸ್ ಮಾಡಿ. ಬರೆದುಕೊಟ್ಟ ಶೇಕಡಾ 9ನ್ನು ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿ ಕಂತನ್ನು ಸುಮಾರು 14,931ಕ್ಕೆ ಇಳಿಸಿ. ಅದು ಆಗದಿದ್ದರೆ ಯಾವ ಶುಲ್ಕವೂ ಇಲ್ಲದೆ ಸಾಲ ಮುಗಿಸಿಕೊಳ್ಳಲು ಬಿಟ್ಟು, ಆರ್‌ಸಿಯಿಂದ ನಿಮ್ಮ ಹೆಸರು ತೆಗೆಸಲು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಹಾಗೂ ಸಾಲ ಮುಗಿದಿದೆ ಎಂದು ಆರ್‌ಟಿಒಗೆ ತಿಳಿಸುವ ಫಾರ್ಮ್ 35 ಕೊಡಿ. 30 ದಿನದೊಳಗೆ ಲಿಖಿತವಾಗಿ, ಕನ್ನಡದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಇದೇ ಪತ್ರವನ್ನು ದಾಖಲೆ ಸಮೇತ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಸಲ್ಲಿಸುತ್ತೇನೆ.

ಇಂತಿ,
ನಿಮ್ಮ ವಾಹನ ಸಾಲದ ಗ್ರಾಹಕ
ಕೋಲಾರ