ಶಿಕ್ಷಣ ಸಚಿವರೇ, ಆ ಒಂದು ಅಂಕ ನಮ್ಮ ಹುಡುಗನಿಗೆ ಸಿಗಬೇಕಿತ್ತು

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸರ್. ನಾನು ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯವಳು. ಕಾಡುಗೊಲ್ಲರ ಮನೆ ಮಗಳು. ಡಿ.ಎಡ್. ಮಾಡಿಕೊಂಡು ಈಗ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಅತಿಥಿ ಶಿಕ್ಷಕರ ಸಂಬಳದ ಬಗ್ಗೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ, ಅದಕ್ಕೆ ಬೇರೆ ಪತ್ರ ಬೇಕು. ಇದು ಒಂದು ಅಂಕದ ವಿಷಯ.

ನಾಲ್ಕನೇ ತರಗತಿಯ ಪರಿಸರ ಅಧ್ಯಯನದ ಪರೀಕ್ಷೆ. ಕುರಿಯಿಂದ ನಮಗೆ ಏನೇನು ಸಿಗುತ್ತದೆ, ನಾಲ್ಕು ಬರೆಯಿರಿ, ಎರಡು ಅಂಕ. ಹಟ್ಟಿಯ ಒಬ್ಬ ಹುಡುಗ ಬರೆದಿದ್ದ: ಉಣ್ಣೆ, ಮಾಂಸ, ಗೊಬ್ಬರ, ರಾಗಿ. ನಮಗೆ ಕೊಟ್ಟಿದ್ದ ಮಾದರಿ ಉತ್ತರದಲ್ಲಿ ಇದ್ದದ್ದು ಉಣ್ಣೆ, ಮಾಂಸ, ಹಾಲು, ಚರ್ಮ. ನಾನು ಅವನಿಗೆ ಒಂದೇ ಅಂಕ ಕೊಟ್ಟೆ. ಗೊಬ್ಬರ ಮತ್ತು ರಾಗಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ.

ರಾತ್ರಿ ನಿದ್ದೆ ಬರಲಿಲ್ಲ ಸರ್. ಯಾಕೆಂದರೆ ನಾನು ತಿಂದು ಬೆಳೆದದ್ದೇ ಕುರಿ ಕೊಟ್ಟ ರಾಗಿ. ಸುಗ್ಗಿ ಮುಗಿದ ಮೇಲೆ ನಮ್ಮಪ್ಪ ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಿದ್ದರು. ರೈತರು ಕರೆದು ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ರಾತ್ರಿಯೆಲ್ಲ ಕುರಿ ಅಲ್ಲೇ ಮಲಗುತ್ತವೆ, ಹಿಕ್ಕೆ ಗಂಜಲ ಅಲ್ಲೇ ಬೀಳುತ್ತದೆ, ಬೆಳಗ್ಗೆ ಅಪ್ಪನಿಗೆ ಇಷ್ಟು ಸೇರು ರಾಗಿ ಅಂತ ಅಳೆದು ಕೊಡುತ್ತಿದ್ದರು, ಆಮೇಲಾಮೇಲೆ ದುಡ್ಡು. ಒಂದು ಸಲ ಮಂದೆ ನಿಂತ ಹೊಲದಲ್ಲಿ ಎರಡು ಮೂರು ಬೆಳೆಗೆ ಬಲ ಉಳಿದಿರುತ್ತದೆ ಅಂತ ಅಪ್ಪ ಇವತ್ತಿಗೂ ಹೇಳುತ್ತಾರೆ. ಹಾಲು? ನಮ್ಮ ಕಡೆ ಕುರಿ ಹಾಲು ಕರೆದು ಕುಡಿಯುವವರನ್ನು ನಾನು ನೋಡಿಲ್ಲ. ಅದು ಮರಿಗೆ. ಅಂದರೆ ಹುಡುಗ ಬರೆದದ್ದು ಕಣ್ಣಾರೆ ಕಂಡ ಸತ್ಯ. ಎಲ್ಲ ಗೊತ್ತಿದ್ದೂ ನಾನೇ ಅದನ್ನು ತಪ್ಪು ಮಾಡಿದೆ, ಕೈಯಲ್ಲಿ ಮಾದರಿ ಉತ್ತರ ಇತ್ತು ಅಂತ.

ಒಂದೇ ಅಂಕ ತಾನೇ ಅನ್ನಬಹುದು. ಆದರೆ ಆ ಹುಡುಗ ಆವತ್ತು ಕಲಿತದ್ದು ಏನು ಹೇಳಿ? ಅಪ್ಪನಿಗೆ ಗೊತ್ತಿರುವುದು ಶಾಲೆಯಲ್ಲಿ ತಪ್ಪು ಅಂತ. ನಾನೂ ಅದೇ ವಯಸ್ಸಿನಲ್ಲಿ ಅದನ್ನೇ ಕಲಿತಿದ್ದೆ. ತರಗತಿಯಲ್ಲಿ ಟೀಚರ್ ಕಥೆ ಹೇಳಿ ಅಂದಾಗ ನಾನು ಜುಂಜಪ್ಪನ ಕಥೆ ಶುರು ಮಾಡಿದೆ. ಪುಸ್ತಕದಲ್ಲಿರೋ ಕಥೆ ಹೇಳಮ್ಮ ಅಂದರು. ಕೂತುಕೊಂಡೆ. ಆಮೇಲೆ ಎಷ್ಟೋ ವರ್ಷ ಯಾರ ಮುಂದೆಯೂ ಜುಂಜಪ್ಪನ ಹೆಸರು ಎತ್ತಲಿಲ್ಲ.

ಜುಂಜಪ್ಪ ಯಾರು ಅಂತ ನಿಮಗೆ ಗೊತ್ತಿರಬಹುದು. ದನ ಕಾಯ್ದವನು, ಗಣೆ ಊದಿದವನು, ಕೊನೆಗೆ ನಮಗೆ ದೇವರಾದವನು. ಕಳುವರಹಳ್ಳಿ ಹತ್ತಿರ ಅವನ ಗುಡ್ಡೆ ಇದೆ, ಶಿರಾದಿಂದ ದೂರವೇನಿಲ್ಲ. ಉದ್ದ ಬಿದಿರಿನ ಗಣೆ ಊದಿಕೊಂಡು, ನಡುನಡುವೆ ಹಾಡಿಕೊಂಡು, ರಾತ್ರಿಯೆಲ್ಲ ಅವನ ಕಥೆ ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಜಾಸ್ತಿ ಜನ ಇಲ್ಲ, ವಯಸ್ಸಾಗಿದೆ. ಎತ್ತಪ್ಪ, ಚಿತ್ರದೇವರು, ಕ್ಯಾತಪ್ಪ, ಇವರದ್ದೂ ಕಥೆಗಳಿವೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಇದ್ದರು. ಓದು ಬರಹ ಬಾರದ ಅಜ್ಜಿ. ಸಾವಿರಾರು ಹಾಡು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಎಂ.ಎ. ಓದುವವರು, ಪಿಎಚ್.ಡಿ. ಮಾಡುವವರು ನಮ್ಮ ಹಟ್ಟಿಗಳಿಗೆ ಬಂದು ಹಾಡು ಬರೆದುಕೊಂಡು ಹೋಗುತ್ತಾರೆ, ಸಂತೋಷ. ಅದೇ ಹಟ್ಟಿಯ ನಾಲ್ಕನೇ ತರಗತಿ ಮಗುವಿನ ಕೈಯಲ್ಲಿ ಇರುವ ಪುಸ್ತಕಕ್ಕೆ ಮಾತ್ರ ಆ ಹಾಡು ಬರುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಸಲ್ಲುವ ನಮ್ಮಜ್ಜಿ ಪ್ರಾಥಮಿಕ ಶಾಲೆಗೆ ಸಲ್ಲುವುದಿಲ್ಲ ಅಂದರೆ ಹೇಗೆ?

ನಮ್ಮ ಹಟ್ಟಿಗಳ ಹೆಸರು ಪೇಪರಿಗೆ ಬರುವುದು ಒಂದೇ ವಿಷಯಕ್ಕೆ. ಸೂತಕ, ಅಂದರೆ ಮುಟ್ಟಾದವರನ್ನು, ಬಾಣಂತಿಯರನ್ನು ಹೊರಗೆ ಇಡುವುದು. 2023ರಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಮಳೆ ಚಳಿಯಲ್ಲಿ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇಟ್ಟು, ಹಸುಗೂಸು ತೀರಿಹೋಯಿತು. ಅದಕ್ಕೆ ನಾನು ಯಾವ ಸಬೂಬೂ ಹೇಳುವುದಿಲ್ಲ. ಅದು ತಪ್ಪು, ನಮ್ಮವರದ್ದೇ ತಪ್ಪು. ಹೈಸ್ಕೂಲಿನಲ್ಲಿದ್ದಾಗ ನಾನೂ ತಿಂಗಳು ತಿಂಗಳು ಹೊರಗೆ ಕೂತಿದ್ದೇನೆ, ಶಾಲೆ ತಪ್ಪಿಸಿಕೊಂಡಿದ್ದೇನೆ. ಹೋದ ವರ್ಷ ನಮ್ಮಮ್ಮನ ಜೊತೆ ದೊಡ್ಡ ಜಗಳ ಆಡಿ ನನ್ನ ತಂಗಿಯನ್ನು ಒಳಗೆ ಕರೆದುಕೊಂಡೆ. ಆದರೆ ಒಂದು ಮಾತು ಸರ್. ಅರಿವು ಮೂಡಿಸಲು ಬರುವವರು ಹಟ್ಟಿ ಅಂದರೆ ಆ ಗುಡಿಸಲು ಮಾತ್ರ ಅನ್ನುವ ಹಾಗೆ ಮಾತಾಡುತ್ತಾರೆ. ಆಗ ಹಟ್ಟಿ ಕಿವಿ ಮುಚ್ಚಿಕೊಳ್ಳುತ್ತದೆ. ನನ್ನ ಮಾತನ್ನು ಅಮ್ಮ ಯಾಕೆ ಕೇಳಿದರು ಗೊತ್ತಾ? ನಾನು ಅವರ ಹಾಡು ಬರೆದುಕೊಳ್ಳುತ್ತೇನೆ, ಅವರ ದೇವರಿಗೆ ಕೈ ಮುಗಿಯುತ್ತೇನೆ, ನಾನು ಅವರನ್ನು ಕೀಳಾಗಿ ನೋಡುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ತನ್ನ ಮನೆಯವರನ್ನು ಶಾಲೆ ಗೌರವದಿಂದ ನೋಡುತ್ತದೆ ಅಂತ ಕಂಡ ಮಗುವಿಗೆ ಮಾತ್ರ ಮನೆಯಲ್ಲಿ ಇದು ಸರಿಯಲ್ಲ ಅಂತ ಹೇಳುವ ಧೈರ್ಯ ಬರುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

2022ರಲ್ಲಿ ಪಠ್ಯಪುಸ್ತಕಕ್ಕಾಗಿ ರಾಜ್ಯವೆಲ್ಲ ಜಗಳ ಆಡಿತು. 2023ರಲ್ಲಿ ಸರ್ಕಾರ ಬದಲಾಯಿತು, ಕೆಲವು ಪಾಠ ಹೋದವು, ಕೆಲವು ಬಂದವು. ಎರಡೂ ಸಲ ನಾನು ಕಾದು ನೋಡಿದೆ. ಯಾವ ನಾಯಕರ ಪಾಠ ಇರಬೇಕು ಅನ್ನುವ ಮಾತೇ ಮಾತು. ಕುರಿ ಕಾಯುವವರ ಮಗು ಈ ಪುಸ್ತಕದಲ್ಲಿ ಎಲ್ಲಿದೆ ಅಂತ ಎರಡೂ ಕಡೆಯವರು ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಕಳಿಸಿ ವರ್ಷಗಳೇ ಆಗಿವೆ. ನಾವಿನ್ನೂ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲೇ ಇದ್ದೇವೆ. 2020ರಲ್ಲಿ ಶಿರಾ ಉಪಚುನಾವಣೆ ಹೊತ್ತಿಗೆ ಕಾಡುಗೊಲ್ಲ ಅಭಿವೃದ್ಧಿ ನಿಗಮ ಅಂತ ಘೋಷಣೆ ಆಯಿತು. ಚುನಾವಣೆ ಬಂದಾಗ ನಾವು ಬುಡಕಟ್ಟು ಅನ್ನುವುದು ಎಲ್ಲರಿಗೂ ನೆನಪಾಗುತ್ತದೆ. ಮೀಸಲಾತಿ ದೆಹಲಿಯಲ್ಲಿ ತೀರ್ಮಾನ ಆಗಬೇಕು, ಒಪ್ಪುತ್ತೇನೆ. ಆದರೆ ನಾಲ್ಕನೇ ತರಗತಿಯ ಪುಸ್ತಕಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ ಅಲ್ವಾ? ಅದು ನಿಮ್ಮ ಇಲಾಖೆಯದ್ದು.

ಇದು ನಮ್ಮೊಬ್ಬರದ್ದೇ ಕಷ್ಟ ಅಲ್ಲ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ಅಷ್ಟಾದರೂ ಅನುಕೂಲ ಇದೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲೇ ಇರುವ ಹಕ್ಕಿಪಿಕ್ಕಿ ಮಕ್ಕಳ ಮನೆಮಾತು ವಾಗ್ರಿ, ತಾಂಡಾದ ಮಕ್ಕಳದ್ದು ಲಂಬಾಣಿ. ಒಂದನೇ ತರಗತಿಗೆ ಬಂದ ದಿನ ಆ ಮಗುವಿಗೆ ಟೀಚರ್ ಮಾತೇ ಅರ್ಥ ಆಗುವುದಿಲ್ಲ. ಸುಮ್ನೆ ಕೂತಿರುತ್ತದೆ. ದಡ್ಡ ಅಂದುಬಿಡುತ್ತಾರೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮನೆಮಾತಿನ ಕಲಿಕೆಗೆ ಅನುಕೂಲ ಮಾಡಿಕೊಡಿ ಅನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಕೂಡ ಆದಷ್ಟು ಮಾತೃಭಾಷೆಯಲ್ಲೇ ಕಲಿಸಿ ಅನ್ನುತ್ತದೆ. ರಾಜ್ಯ ಶಿಕ್ಷಣ ನೀತಿಗೆ ಅಂತ ಸರ್ಕಾರ ಮಾಡಿದ್ದ ಥೋರಟ್ ಅವರ ಆಯೋಗವೂ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆ ಅಂದಿದೆ. ಒಡಿಶಾದಲ್ಲಿ 21 ಬುಡಕಟ್ಟು ಭಾಷೆಗಳಲ್ಲಿ ಚಿಕ್ಕ ತರಗತಿಗಳ ಪುಸ್ತಕ ಮಾಡಿದ್ದಾರೆ. ಅವರಿಗೆ ಆದದ್ದು ನಮಗೆ ಯಾಕೆ ಆಗಬಾರದು? ನಾವೇನು ಕಡಿಮೆ? ಆಟ, ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ, 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಶಿಕ್ಷಕರು ಮಕ್ಕಳನ್ನು ನೋಡಿ ಕಲಿಕೆಯ ಕಾರ್ಡು ಮಾಡಿದರು, ರಾಜ್ಯವೆಲ್ಲ ಅದನ್ನು ಹಿಡಿಯಿತು.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ನಾಲ್ಕು ಮತ್ತು ಐದನೇ ತರಗತಿಗೆ ಜಿಲ್ಲೆಗೊಂದು ತೆಳ್ಳನೆಯ ಪುಸ್ತಕ ಮಾಡಿಸಿ. ತುಮಕೂರಿನ ಪುಸ್ತಕದಲ್ಲಿ ಜುಂಜಪ್ಪ ಇರಲಿ, ಮಂದೆ ನಿಲ್ಲಿಸುವುದು ಇರಲಿ, ತಾಂಡಾದ ಹಾಡು ಇರಲಿ. ಅದನ್ನು ಬರೆಯುವ ಸಮಿತಿಯಲ್ಲಿ ಹಟ್ಟಿಯವರು, ತಾಂಡಾದವರು, ಕಾಲೋನಿಯವರು ಕೂರಲಿ. ಹಾಡಿ ತೋರಿಸುವ ಕರೆ ಮಾತ್ರ ಬೇಡ, ಏನು ಇರಬೇಕು ಏನು ಬೇಡ ಅಂತ ಹೇಳುವ ಅಧಿಕಾರವೂ ಅವರಿಗೆ ಇರಲಿ. ಸೂತಕದ ಬಗ್ಗೆಯೂ ಒಂದು ಪಾಠ ಇರಲಿ, ಅದನ್ನು ನಮ್ಮ ಹೆಣ್ಣುಮಕ್ಕಳೇ ಬರೆಯುತ್ತಾರೆ. ಗಣೆ ಊದುವ ಹಿರಿಯರನ್ನು ವರ್ಷಕ್ಕೆ ಕೆಲವು ದಿನ ಶಾಲೆಗೆ ಕರೆಸಿ, ಗೌರವಧನ ಕೊಡಿ. ಅವರು ಹೋದ ಮೇಲೆ ಕರೆಯಲು ಯಾರೂ ಇರುವುದಿಲ್ಲ.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ ಅಂದರೆ ಕಾಯುತ್ತೇನೆ. ಆದರೆ ಒಂದು ಕೆಲಸ ಈ ವರ್ಷವೇ ಆಗಬಹುದು. ಮಗು ತಾನು ಕಂಡದ್ದನ್ನು ಸರಿಯಾಗಿ ಬರೆದಿದ್ದರೆ, ಮಾದರಿ ಉತ್ತರದಲ್ಲಿ ಇಲ್ಲದಿದ್ದರೂ ಅಂಕ ಕೊಡಬೇಕು ಅಂತ ಎಲ್ಲ ಶಾಲೆಗಳಿಗೆ ಒಂದು ಸುತ್ತೋಲೆ ಕಳಿಸಿ. ಆ ಹುಡುಗ ಈಗ ಐದನೇ ತರಗತಿ. ಅವನ ಉತ್ತರ ಪತ್ರಿಕೆ ನನ್ನ ಹತ್ತಿರವೇ ಇದೆ. ಸುತ್ತೋಲೆ ಬಂದ ದಿನ ಆ ಕೆಂಪು ಗೆರೆ ಅಳಿಸಿ ಹಾಕಿ, ಪಕ್ಕದಲ್ಲಿ ಎರಡು ಅಂತ ಬರೆದು, ಅವನ ಮನೆಗೆ ಹೋಗಿ ಅವರಪ್ಪನ ಕೈಗೇ ಕೊಟ್ಟು ಬರುತ್ತೇನೆ.

ಇಂತಿ,
ಶಿರಾ ತಾಲ್ಲೂಕಿನ ಒಬ್ಬ ಅತಿಥಿ ಶಿಕ್ಷಕಿ