ಮರದ ಪಾಠ ಕಡಗೋಲಿನಿಂದ ಶುರುವಾಗಲಿ

ಪ್ರೀತಿಯ ಗೆಳೆಯಾ,

ಆವತ್ತು ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಬಸ್ಸಿನಲ್ಲಿದ್ದೆ, ಗದ್ದಲ ಜಾಸ್ತಿ ಇತ್ತು. "ಎಂಟನೇ ಕ್ಲಾಸಿನ ಮಕ್ಕಳಿಗೆ ಮರ, ಮರಗೆಲಸದ ಬಗ್ಗೆ ಹೇಳಬೇಕು, ಎಲ್ಲಿಂದ ಶುರು ಮಾಡಲಿ?" ಅಂತ ಕೇಳಿದ್ದೆ ಅಲ್ವಾ. ಇವತ್ತು ಭಾನುವಾರ, ಕೂತು ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡ ಡ್ರಾಯಿಂಗ್ ಮೇಷ್ಟ್ರು, ಮೇಡಂಗಳು ಇನ್ನೂ ಇದ್ದಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಮೊದಲ ವರ್ಷ ನಾನು ಶುರು ಮಾಡಿದ್ದೇ ತಪ್ಪು ಜಾಗದಿಂದ. ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ, ಮೈಸೂರಿನ ಬೀಟೆ ಮರದ ಕೆಲಸ, ಎಲ್ಲದರ ಚಿತ್ರ ತೋರಿಸಿ ಹೆಸರು ಬರೆಸಿದೆ. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲೂ ಬರೆದರು. ಆದರೆ ನೀವು ಕೂತಿರುವ ಬೆಂಚು ಯಾವ ಮರದ್ದು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಆ ಪ್ರಶ್ನೆ ಕೇಳುವವರೆಗೆ ನಾನೂ ಯೋಚಿಸಿರಲಿಲ್ಲ.

ಮರುವರ್ಷ ಒಂದೇ ಮಾತು ಹೇಳಿದೆ: "ನಾಳೆ ಮನೆಯಿಂದ ಒಂದು ಮರದ ಸಾಮಾನು ತನ್ನಿ." ಏನೇನು ಬಂತು ಗೊತ್ತಾ? ಕಡಗೋಲು, ಲಟ್ಟಣಿಗೆ, ಮುದ್ದೆ ಕೋಲು, ಅಳಗುಳಿ ಮಣೆ, ಬುಗುರಿ, ಅಟ್ಟದ ಮೇಲಿದ್ದ ಹಳೇ ಶಾವಿಗೆ ಒರಳು. ಒಬ್ಬ ಹುಡುಗ ಅವರಪ್ಪನ ಜೊತೆ ಸೈಕಲ್ಲಿನ ಮೇಲೆ ಒನಕೆ ಇಟ್ಟುಕೊಂಡು ಬಂದ. ಮುದ್ದೆ ಕೋಲು ತಂದ ಹುಡುಗಿ ಅದರ ತುದಿ ತೋರಿಸಿದಳು. ಒಂದೇ ಕಡೆ ಸವೆದಿತ್ತು. ಅವರಜ್ಜಿ ಯಾವಾಗಲೂ ಒಂದೇ ಕಡೆಗೆ ತಿರುವುತ್ತಿದ್ದರಂತೆ. ಹಿಡಿಯುವ ಜಾಗ ಮಾತ್ರ ಗಾಜಿನ ಹಾಗೆ ನುಣುಪು. ಇಡೀ ಕ್ಲಾಸು ಅದನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ ಮುಟ್ಟಿ ನೋಡಿತು.

ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ಇದನ್ನು ಈ ಮರದಲ್ಲೇ ಯಾಕೆ ಮಾಡಿದರು? ಉತ್ತರ ನಾನು ಕೊಡಲಿಲ್ಲ, ಮನೆಗೆ ಹೋಗಿ ಹಿರಿಯರನ್ನು ಕೇಳಿ ಬನ್ನಿ ಅಂದೆ. ಒನಕೆ ತೂಕವಾಗಿರಬೇಕು, ಅದರ ಭಾರವೇ ಅರ್ಧ ಕೆಲಸ ಮಾಡುತ್ತದೆ. ನೊಗ ಗಟ್ಟಿಯಾಗಿರಬೇಕು, ಆದರೆ ಎತ್ತಿನ ಹೆಗಲಿಗೆ ಹೊರೆಯಾಗಬಾರದು. ಗಾಡಿ ಚಕ್ರದ ನಡುವಿನ ಗುಂಬಕ್ಕೆ ಜಾಲಿ ಬೇಕು, ಅಷ್ಟು ಬೇಗ ಸೀಳುವುದಿಲ್ಲ. ಭಜನೆ ಮನೆಯಲ್ಲಿ ಮೃದಂಗ ನುಡಿಸುವವರ ಮಗ ಬಂದು "ಸಾರ್, ಅದು ಹಲಸು" ಅಂದ. ಕಲೆ ಬೇರೆ, ಮನೆ ಬಳಕೆ ಬೇರೆ ಅಂತ ನಾವು ಎರಡು ಪಾಠ ಮಾಡಿಟ್ಟಿದ್ದೇವೆ. ಆ ಮಕ್ಕಳು ತಂದ ಉತ್ತರಗಳಲ್ಲಿ ಎರಡೂ ಒಂದೇ ಆಗಿದ್ದವು. ತೊಲೆಗೆ ಮರ ಆರಿಸುವವನೂ ಮೃದಂಗಕ್ಕೆ ಮರ ಆರಿಸುವವನೂ ಕೇಳುವ ಪ್ರಶ್ನೆ ಒಂದೇ, ಈ ಮರದ ಗುಣ ಏನು ಅಂತ.

ಗುಣ ತಿಳಿಯಲು ದೊಡ್ಡ ಲ್ಯಾಬ್ ಬೇಡ ಕಣೋ. ಒಂದು ಬಕೆಟ್ ನೀರು ಸಾಕು. ಬೂರುಗದ ತುಂಡು ಪೂರ್ತಿ ಮೇಲೆ ತೇಲುತ್ತದೆ, ಜಾಲಿ ತುಂಡು ಹೆಚ್ಚುಕಡಿಮೆ ಮುಳುಗಿಯೇ ತೇಲುತ್ತದೆ. ಹೊನ್ನೆ ಮರದ ಚಕ್ಕೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಬಿಸಿಲಿಗೆ ಹಿಡಿ. ನೀರಿನಲ್ಲಿ ನೀಲಿ ಹೊಳಪು ಬರುತ್ತದೆ. ಮಕ್ಕಳು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಇನ್ನೊಂದು, ಒಂದು ತೆಳು ಹಲಗೆಯನ್ನು ಅಳೆದು ಎರಡು ದಿನ ನೀರಲ್ಲಿ ಬಿಡು. ತೆಗೆದು ಮತ್ತೆ ಅಳೆದರೆ ಉದ್ದ ಇದ್ದ ಹಾಗೇ ಇರುತ್ತದೆ, ಅಗಲ ಮಾತ್ರ ಹೆಚ್ಚಾಗಿರುತ್ತದೆ. ಮರ ತನ್ನ ನಾರಿನ ಎಳೆಯ ಉದ್ದಕ್ಕೆ ಹಿಗ್ಗುವುದು ಇಲ್ಲ ಅನ್ನುವಷ್ಟು ಕಡಿಮೆ, ಅಡ್ಡಕ್ಕೆ ಹಿಗ್ಗುತ್ತದೆ. ಇಷ್ಟು ಕಂಡ ಮೇಲೆ ಮಳೆಗಾಲದಲ್ಲಿ ಬಾಗಿಲು ಯಾಕೆ ಬಿಗಿಯಾಗುತ್ತದೆ ಅಂತ ಅವರೇ ಹೇಳಿದರು. ಹಳೇ ಬಾಗಿಲುಗಳಲ್ಲಿ ನಡುವಿನ ಹಲಗೆಯನ್ನು ಅಂಟು ಹಾಕದೆ ಚೌಕಟ್ಟಿನ ಕಾಲುವೆಯೊಳಗೆ ಸುಮ್ನೆ ಕೂರಿಸಿರುತ್ತಾರೆ. ಅದು ಹಿಗ್ಗಲಿ, ಕುಗ್ಗಲಿ ಅಂತ ಬಿಟ್ಟ ಜಾಗ. ಆ ಜಾಗ ಬಿಟ್ಟ ಬಡಗಿಯ ಬುದ್ಧಿಯನ್ನು ಎಷ್ಟು ಹೊಗಳಿದರೂ ಸಾಲದು ಅನಿಸುತ್ತದೆ ನನಗೆ.

ಬ್ಯಾಗ್ ಇಲ್ಲದ ಶನಿವಾರ ಬರುತ್ತದಲ್ಲ, ಆ ದಿನ ನಮ್ಮೂರಿನ ಬಡಗಿ ಆಚಾರ್ರನ್ನು ಕರೆದೆ. 2020ರ ಶಿಕ್ಷಣ ನೀತಿಯಲ್ಲೇ ಆರರಿಂದ ಎಂಟನೇ ತರಗತಿಯ ಮಕ್ಕಳು 10 ದಿನ ಬ್ಯಾಗ್ ಬಿಟ್ಟು ಬಡಗಿ, ಕುಂಬಾರರಂಥವರ ಹತ್ತಿರ ಕಲಿಯಲಿ ಅಂತ ಇದೆ. ಹೆಡ್ ಮೇಷ್ಟ್ರು ಒಪ್ಪದಿದ್ದರೆ ಅದನ್ನು ತೋರಿಸು. ಆಚಾರ್ರು ಬಂದು ಭಾಷಣ ಮಾಡಲಿಲ್ಲ. ಒಂದು ಮಾವಿನ ಹಲಗೆ ಇಟ್ಟು, ಮರ ನಯ ಮಾಡುವ ಕೀಸುಳಿ ಕೊಟ್ಟರು. ಎಳೆಯ ದಿಕ್ಕಿಗೆ ತಳ್ಳಿದಾಗ ಸುರುಳಿ ಸುರುಳಿಯಾಗಿ ಸಿಪ್ಪೆ ಬಂತು. ತಿರುಗಿಸಿ ತಳ್ಳಿದಾಗ ಚಕ್ಕೆ ಎದ್ದು ಹಲಗೆ ಹಾಳಾಯಿತು. ಹಟಮಾರಿ ಹುಡುಗನೊಬ್ಬ ನಾಲ್ಕು ಸಲ ತಪ್ಪು ದಿಕ್ಕಿಗೇ ತಳ್ಳಿದ. ಆಚಾರ್ರು ಬೈಯಲಿಲ್ಲ, ತಡೆಯಲೂ ಇಲ್ಲ. ಐದನೇ ಸಲ ಅವನೇ ಹಲಗೆ ತಿರುಗಿಸಿಕೊಂಡ. ಅಷ್ಟು ಚೆನ್ನಾಗಿ ಪಾಠ ಮಾಡಲು ನನಗೆ ಇನ್ನೂ ಬರುವುದಿಲ್ಲ.

ಆಯುಧದ ವಿಷಯದಲ್ಲಿ ಒಂದು ಎಚ್ಚರ. ಮೊಂಡು ಉಳಿ ಕೊಡಬೇಡ. ಮೊಂಡಾದರೆ ಮಕ್ಕಳು ಜೋರಾಗಿ ಒತ್ತುತ್ತಾರೆ, ಜಾರುವುದು ಆಗಲೇ. ಚೆನ್ನಾಗಿ ಮಸೆದ ಉಳಿ, ಎರಡೂ ಕೈ ಅದರ ಬಾಯಿಯ ಹಿಂದೆ. ಇಷ್ಟನ್ನು ಬಾಯಿಪಾಠ ಮಾಡಿಸು.

ಆಮೇಲೆ ಚನ್ನಪಟ್ಟಣಕ್ಕೆ ಹೋದೆವು. ನಮ್ಮ ಮಂಡ್ಯದ ಕಡೆಯಿಂದ ಅದು ಹತ್ತಿರ. ಅಲ್ಲಿ ಬೊಂಬೆ ಮಾಡುವುದು ಆಲೆ ಮರದಲ್ಲಿ. ಕಡಿದರೆ ಹಾಲು ಬರುವ ಮರ, ಒಳಗೆ ಬೆಳ್ಳಗೆ, ನುಣ್ಣಗೆ. ಚೆನ್ನಾಗಿ ಒಣಗಿಸಿದ ತುಂಡನ್ನು ತಿರುಗಣಿಗೆ ಸಿಕ್ಕಿಸಿ ಉಳಿಯಿಂದ ಆಕಾರ ಕೊಡುತ್ತಾರೆ. ಮಕ್ಕಳು ಬಾಯಿ ತೆರೆದು ನಿಂತಿದ್ದು ಬಣ್ಣ ಹಚ್ಚುವಾಗ. ಬ್ರಷ್ ಇಲ್ಲ, ಡಬ್ಬಿ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿ ಹಿಡಿದರೆ ಹೊಳಪು. ಅರಗು ಒಂದು ಪುಟ್ಟ ಹುಳು ಕೊಂಬೆಯ ಮೇಲೆ ಬಿಡುವ ಅಂಟು ಅಂತ ತಿಳಿದಾಗ ಒಬ್ಬಳು ಕೈಲಿದ್ದ ಬುಗುರಿಯನ್ನು ಮೂಗಿಗೆ ಹಿಡಿದು ಮೂಸಿದಳು.

ಇಷ್ಟೆಲ್ಲ ಆದ ಮೇಲೆ ಪ್ರವಾಸಕ್ಕೆ ಕರೆದುಕೊಂಡು ಹೋದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರ ಕಟ್ಟಡ, ಬಹಳಷ್ಟು ತೇಗದ್ದು. ಮೊದಲೆಲ್ಲ ಗೋಡೆಯ ಯುದ್ಧದ ಚಿತ್ರ ನೋಡಿ ಹೊರಬರುತ್ತಿದ್ದ ಮಕ್ಕಳು ಈ ಸಲ ಕಂಬದ ಹತ್ತಿರ ನಿಂತು, ತೊಲೆ ಹೇಗೆ ಕೂರಿಸಿದ್ದಾರೆ ಅಂತ ಕತ್ತೆತ್ತಿ ನೋಡುತ್ತಿದ್ದರು. ಮೈಸೂರಿನಲ್ಲಿ, 1897ರಲ್ಲಿ ಬೆಂಕಿಗೆ ಹೋದ ಹಳೇ ಅರಮನೆ ಮರದ್ದು ಅಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಈಗಿನದು ಮುಗಿದಿದ್ದು 1912ರಲ್ಲಿ. ಬೀಟೆ ಮರದ ಚಿತ್ರಫಲಕದಲ್ಲಿ ಬಣ್ಣ ಬಳಿಯದೆ, ಬೇರೆ ಬೇರೆ ಮರದ ಸ್ವಂತ ಬಣ್ಣವನ್ನೇ ಕೊರೆದು ಕೂರಿಸಿದ್ದನ್ನು ನೋಡಿ "ಹಳದಿ ಯಾವ ಮರ ಸಾರ್?" ಅಂತ ಕೇಳಿದರು. ಮೊದಲ ವರ್ಷದ ಮಕ್ಕಳಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ.

ಇನ್ನು ನಿನ್ನ ವಿಷಯ. ಕೊಪ್ಪಳದಲ್ಲಿ ಕೂತು ನನ್ನನ್ನು ಕೇಳುತ್ತೀಯಲ್ಲೋ! ಕಿನ್ನಾಳ ನಿನ್ನ ಪಕ್ಕದಲ್ಲೇ ಇದೆ. ಅಲ್ಲಿನ ಚಿತ್ರಗಾರರು ಹಗುರವಾದ ಮರದಲ್ಲಿ ದೇವರನ್ನು, ಪ್ರಾಣಿಗಳನ್ನು ಮಾಡುತ್ತಾರೆ. ಬಿಡಿ ಭಾಗಗಳನ್ನು ಜೋಡಿಸಲು ಹುಣಸೆ ಬೀಜದ ಅಂಟು. ಒಡವೆಯ ಉಬ್ಬು ಕೆಲಸಕ್ಕೆ ಕಲ್ಲಿನ ಪುಡಿ ಕಲಸಿದ ಅಂಟು. ಹುಣಸೆ ಬೀಜ ಯಾರ ಮನೆಯಲ್ಲಿಲ್ಲ ಹೇಳು? ಅಂಟು ಕ್ಲಾಸಿನಲ್ಲೇ ಮಾಡಿಸಬಹುದು. ಆದರೆ ಮೊದಲ ದಿನವೇ ಅಲ್ಲಿಗೆ ಕರೆದುಕೊಂಡು ಹೋಗಬೇಡ. ಮೊದಲು ಅವರ ಮನೆಯ ಕಡಗೋಲು, ಲಟ್ಟಣಿಗೆ, ತೊಟ್ಟಿಲು ಕ್ಲಾಸಿಗೆ ಬರಲಿ. ಆಮೇಲೆ ಕಿನ್ನಾಳ.

ತುಂಡು ಮರಕ್ಕೆ ದುಡ್ಡು ಖರ್ಚು ಮಾಡಬೇಡ. ಯಾವ ಸಾಮಿಲ್‌ನಲ್ಲಿ ಕೇಳಿದರೂ ಒಂದು ಚೀಲ ಕೊಡುತ್ತಾರೆ. ಪ್ರತಿ ತುಂಡಿನ ಮೇಲೂ ಮರದ ಹೆಸರನ್ನು ನಿಮ್ಮ ಕಡೆ ಕರೆಯುವ ಹಾಗೇ ಬರೆಸಿಡು.

ನಮ್ಮ ಮಕ್ಕಳು ನಿನ್ನ ಕ್ಲಾಸಿಗೆ ಕೊಡಲು 12 ಬುಗುರಿ ಕಟ್ಟಿಟ್ಟಿದ್ದಾರೆ. ಎರಡು ಸ್ವಲ್ಪ ವಾಲಿಕೊಂಡು ಸುತ್ತುತ್ತವೆ, ಅವನ್ನೂ ಕಳಿಸಲೇಬೇಕು ಅಂತ ಹಟ. ಹುಣಸೆ ಬೀಜದ ಅಂಟು ಎಷ್ಟು ಹೊತ್ತು ಕುದಿಸಬೇಕು ಅಂತ ನಿನ್ನ ಮಕ್ಕಳ ಕೈಯಲ್ಲೇ ಬರೆಸಿ ಕಳಿಸು. ಇಲ್ಲಿ ಬೀಜ ಆಗಲೇ ಹುರಿದಿಟ್ಟುಕೊಂಡು ಕಾಯುತ್ತಿದ್ದಾರೆ.

ನಿನ್ನ ಗೆಳೆಯ