ಎರಡೂ ಏರಿದ ಮಾತ್ರಕ್ಕೆ ನೇರ ಅನುಪಾತವೇ?

ಮಾನ್ಯ ಸಂಪಾದಕರೇ,

‘ಒಂದು ಹೆಚ್ಚಿದಾಗ ಇನ್ನೊಂದೂ ಹೆಚ್ಚಿದರೆ ನೇರ ಅನುಪಾತ, ಕಡಿಮೆಯಾದರೆ ವಿಲೋಮ’ ಎಂದು ಎಂಟನೇ ತರಗತಿಯ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಇದು ಅರ್ಧ ಮಾತು. ಲೆಕ್ಕ ತಪ್ಪುವುದು ಇಲ್ಲಿಂದಲೇ.

ಬೆಂಗಳೂರಿನ ಆಟೊ ಮೀಟರ್ ನೋಡಿ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಲ್ಲಿ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಹಾಗಾಗಿ 4 ಕಿ.ಮೀ.ಗೆ 72, 5ಕ್ಕೆ 90. 2 ಕಿ.ಮೀ. ಮತ್ತು ಅದರಾಚೆಗೆ ದರವನ್ನು ದೂರದಿಂದ ಭಾಗಿಸಿದರೆ ಎಲ್ಲೆಡೆ 18. ಇದು ನೇರ ಅನುಪಾತವೇ. ಆದರೆ 1 ಕಿ.ಮೀ. ಹೋದರೂ 36 ಕೊಡಲೇಬೇಕು. ಅಡ್ಡ ಗುಣಾಕಾರ ಮಾಡಿದವರು 18 ಎಂದು ಬರೆದಿರುತ್ತಾರೆ. (ಮೀಟರ್ ಹಾಕುವುದೇ ಇಲ್ಲ ಎಂಬುದು ಬೇರೆ ದೂರು!)

ಇನ್ನು 20 ಲೀಟರ್ ನೀರಿನ ಕ್ಯಾನ್. 5 ಲೀಟರ್ ಬಳಸಿದರೆ 15 ಉಳಿಯುತ್ತದೆ, 10 ಬಳಸಿದರೆ 10. ಒಂದು ಏರಿದೆ, ಇನ್ನೊಂದು ಇಳಿದಿದೆ. ಗುಣಿಸಿ ನೋಡಿ: ಮೊದಲು 75, ಆಮೇಲೆ 100. ಸ್ಥಿರವಾಗಿರುವುದು ಮೊತ್ತ, ಗುಣಲಬ್ಧವಲ್ಲ, ಹಾಗಾಗಿ ವಿಲೋಮವಲ್ಲ. ಅದೇ ಗಂಟೆಗೆ 45 ಕಿ.ಮೀ. ವೇಗದಲ್ಲಿ 4 ಗಂಟೆಯ ದಾರಿಗೆ 60ರ ವೇಗದಲ್ಲಿ 3 ಗಂಟೆ ಸಾಕು. ಎರಡು ಸಲವೂ 180. ಭಾಗಲಬ್ಧ ಬದಲಾಗದಿದ್ದರೆ ನೇರ, ಗುಣಲಬ್ಧ ಬದಲಾಗದಿದ್ದರೆ ವಿಲೋಮ. ಎರಡೂ ಅಲ್ಲವಾದರೆ ಸೂತ್ರವನ್ನು ಬದಿಗಿಟ್ಟು ಲೆಕ್ಕವನ್ನೇ ಮತ್ತೊಮ್ಮೆ ಓದಬೇಕು.

ಹೆಚ್ಚು ಅಂಕ ಕೈತಪ್ಪುವುದು ಹಾಸ್ಟೆಲ್ ಲೆಕ್ಕದಲ್ಲಿ. 100 ವಿದ್ಯಾರ್ಥಿಗಳಿಗೆ 20 ದಿನಕ್ಕಾಗುವ ದಿನಸಿ ಇದೆ. 5 ದಿನ ಕಳೆದ ಮೇಲೆ 25 ಮಂದಿ ಬಂದು ಸೇರಿದರೆ ಉಳಿದದ್ದು ಎಷ್ಟು ದಿನಕ್ಕೆ? ಹಲವರು 100×20ನ್ನು 125ರಿಂದ ಭಾಗಿಸಿ 16 ಎನ್ನುತ್ತಾರೆ. 5 ದಿನದ ಊಟ ಆಗಲೇ ಮುಗಿದಿದೆಯಲ್ಲ! ಉಳಿದದ್ದು ನೂರು ಮಂದಿಗೆ 15 ದಿನದ್ದು, ಅಂದರೆ 1500 ಪಾಲು. ಈಗ ಉಣ್ಣುವವರು 125. ಉತ್ತರ 12 ದಿನ. ಹೊಸಬರನ್ನಷ್ಟೇ ಲೆಕ್ಕಕ್ಕೆ ಹಿಡಿದು, 25ರಿಂದ ಭಾಗಿಸಿ 60 ದಿನ ಎನ್ನುವವರೂ ಇದ್ದಾರೆ. ಉಣ್ಣುವವರು ಹೆಚ್ಚಿದಾಗ 15 ದಿನದ ದಿನಸಿ 60 ದಿನ ಬರುವುದು ಹೇಗೆ ಎಂದು ಬರೆಯುವ ಮೊದಲು ಒಮ್ಮೆ ಕೇಳಿಕೊಂಡರೆ ಈ ತಪ್ಪು ಆಗದು.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ಮನವಿ. ‘ಇಡ್ಲಿ ಪಾತ್ರೆಯಲ್ಲಿ ಒಂದು ತಟ್ಟೆ ಇಟ್ಟರೆ ಬೇಯಲು 12 ನಿಮಿಷ; ನಾಲ್ಕು ತಟ್ಟೆ ಒಟ್ಟಿಗೆ ಇಟ್ಟರೆ 48 ನಿಮಿಷ ಬೇಕೇ?’ ಎಂಬಂಥ, ಯಾವ ಅನುಪಾತವೂ ಹೊಂದದ ಒಂದು ಪ್ರಶ್ನೆಯಾದರೂ ಪ್ರತಿ ಘಟಕ ಪರೀಕ್ಷೆಯಲ್ಲಿರಲಿ. ಉತ್ತರದ ಜೊತೆ ಕಾರಣ ಬರೆದವರಿಗೂ ಅಂಕ ಸಿಗಲಿ.

– ಗಣಿತ ಶಿಕ್ಷಕಿ, ಹಾಸನ